ಅಳಿಯನ ಬಿಲ್ಲು ಮುರಿದದ್ದು

ಬಯಾನ್ ಲೆಪಾಸ್

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮಲೇಷ್ಯಾದಲ್ಲಿ ನನ್ನಿಂದಾದ ಅನಾಹುತಕ್ಕೆ ಅರ್ಧ ಕಾರಣ ಇದೇ. ಗದಗದ ಕಡೆಯ ಒಂದು ಐಟಿಐಯಲ್ಲಿ ಹುಡುಗರಿಗೆ ಮರಗೆಲಸ ಕಲಿಸಿ ನಿವೃತ್ತನಾದವನು ನಾನು. ಹೆಂಡತಿ ತೀರಿಕೊಂಡ ಮೇಲೆ ಮನೆಯ ಬಾಗಿಲುಗಳನ್ನೆಲ್ಲ ಕಳಚಿ, ಕೀಸಿ, ಮತ್ತೆ ಕೂರಿಸಿದೆ. ನಮ್ಮ ಮನೆಯದು ಮುಗಿದ ಮೇಲೆ ಓಣಿಯವರ ಬಾಗಿಲುಗಳಿಗೆ ಕೈ ಹಾಕಿದೆ. ಯಾರೋ ಮಗಳಿಗೆ ಫೋನಿನಲ್ಲಿ ದೂರು ಹೇಳಿರಬೇಕು. "ಅಪ್ಪಾ, ಮೂರು ವಾರ ನಮ್ಮ ಹತ್ರ ಬಂದು ಇರು. ಓಣಿ ಮಂದಿಗೂ ಸ್ವಲ್ಪ ಆರಾಮ ಆಗ್ತದ," ಎಂದು ಜರೀನಾ ಟಿಕೆಟ್ ಕಳಿಸಿದಳು.

ಪೆನಾಂಗ್ ವಿಮಾನ ನಿಲ್ದಾಣದಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿದ ಅಧಿಕಾರಿಣಿ ನನ್ನ ಪೆಟ್ಟಿಗೆ ತೆರೆಸಿದಳು. ಅಂಗಿಗಳ ನಡುವೆ ಒಂದು ಕೀಸುಳಿ, ನಾಲ್ಕು ಉಳಿ, ಒಂದು ಅರ.

"ಅಂಕಲ್, ಕಾರ್ಪೆಂಟರ್ ಆ?"

"ರಿಟೈರ್ಡ್."

"ದೆನ್ ವೈ ಬ್ರಿಂಗ್ ಲಾ?"

ಅವಳು ಕೀಸುಳಿಯನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ, ನಕ್ಕು, ಬಿಟ್ಟಳು.

ಹೊರಗೆ ಅಳಿಯ ಇರ್ಷಾದ್ ನಿಂತಿದ್ದ. ಉಡುಪಿ ಕಡೆಯವನು, ಇಲ್ಲಿ ಚಿಪ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಎರಡೂ ಕೈಯಿಂದ ನನ್ನ ಕೈ ಹಿಡಿದ, ಪೆಟ್ಟಿಗೆ ಕಸಿದುಕೊಂಡ, ಕಾರಿನ ಬಾಗಿಲು ತೆರೆದ, ಎಸಿ ಹೆಚ್ಚಾಯಿತೇ ಎಂದು ಮೂರು ಸಲ ಕೇಳಿದ. ನಾನು ಏನಂದರೂ "ಹೌದು ಮಾಮ", "ಆಯ್ತು ಮಾಮ". ಹನ್ನೊಂದು ವರ್ಷದಿಂದ ನಮ್ಮಿಬ್ಬರ ನಡುವೆ ಓಡಾಡಿದ ಮಾತು ಹೆಚ್ಚುಕಡಿಮೆ ಇಷ್ಟೇ. ಊರಿನಲ್ಲಿ ನನ್ನ ವಯಸ್ಸಿನವರು ಇಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅನ್ನುತ್ತಾರೆ. ನನಗೋ ಅವನ ಮರ್ಯಾದೆ ಹೊಸ ಚಪ್ಪಲಿಯ ಹಾಗೆ ಒಂದೇ ಜಾಗಕ್ಕೆ ಕಚ್ಚುತ್ತಿತ್ತು.

ಬಯಾನ್ ಲೆಪಾಸ್ ಬಡಾವಣೆಯಲ್ಲಿ ಅವರ ಮನೆ ಹದಿನಾಲ್ಕನೇ ಮಹಡಿಯಲ್ಲಿದೆ. ಒಂದು ಕಿಟಕಿಯಲ್ಲಿ ಸಮುದ್ರ ಮತ್ತು ಇಳಿಯುವ ವಿಮಾನ, ಇನ್ನೊಂದರಲ್ಲಿ ಕಾರ್ಖಾನೆಗಳ ಬಿಳಿ ಛಾವಣಿಗಳು. ಅಡುಗೆಮನೆಯ ಹಿಂದೆ ಕೆಲಸದವರಿಗೆಂದು ಕಟ್ಟಿದ ಪುಟ್ಟ ಕೋಣೆ. ಅದರಲ್ಲಿ ಕೆಲಸದವರಿಲ್ಲ, ಒಂದು ಬಿಲ್ಲು ಮಲಗಿತ್ತು. ಹವೆಯ ತೇವ ಹೀರುವ ಯಂತ್ರವೊಂದು ಹಗಲೂ ರಾತ್ರಿ ಅದರ ಪಕ್ಕ ಗೊರಗುಡುತ್ತಿತ್ತು. ಆ ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಗಾಳಿ ಕುಡಿಯುತ್ತಿದ್ದದ್ದು ಅದೇ.

"ಅದನ್ನ ಮಾತ್ರ ಮುಟ್ಟಬ್ಯಾಡ ಅಪ್ಪಾ," ಎಂದಳು ಜರೀನಾ. "ಹದಿನಾಕು ತಿಂಗಳಾತು ಇವರು ಅದರ ಹಿಂದ ಬಿದ್ದು. ಬರೋ ರವಿವಾರ ಮೊದಲ ಸರ್ತಿ ಹೆದಿ ಏರಸ್ತಾರ."

ಮೊಮ್ಮಗಳು ಆಯಿಷಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. "ನಾನಾ, ಈವನ್ ಐ ಕೆನಾಟ್ ಟಚ್ ಲಾ," ಎಂದಳು.

ನೋಡಲು ಮಾತ್ರ ಅಪ್ಪಣೆ ಸಿಕ್ಕಿತು. ಹಲಸಿನ ಮರದ ಸೀಳಿನಿಂದ ಕೆತ್ತಿದ್ದು, ನನ್ನ ಎದೆಯೆತ್ತರ. ಒಂದು ಮೈಗೆ ಎತ್ತಿನ ಹಿಂಗಾಲಿನ ನರವನ್ನು ಎಳೆ ಎಳೆಯಾಗಿ ಬಿಡಿಸಿ, ಸರೇಸಿನಲ್ಲಿ ಅದ್ದಿ ಹೊದಿಸಿದ್ದರು. ಸರೇಸು ಎಂದರೆ ಚರ್ಮ ಕುದಿಸಿ ತೆಗೆಯುವ ಅಂಟು, ಫೆವಿಕಾಲ್ ಬರುವ ಮೊದಲು ಬಡಗಿಗಳೆಲ್ಲ ಅದನ್ನೇ ಬಳಸುತ್ತಿದ್ದರು. ಒಣಗಿದ ನರ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಬೆಳಕಿಗೆ ಹಿಡಿದರೆ ಹೊಳೆಯುತ್ತಿತ್ತು. ಹಿಂದೆ ಇಂಥ ಬಿಲ್ಲುಗಳಿಂದ ಬೇಟೆಯಾಡುತ್ತಿದ್ದರಂತೆ. ಇರ್ಷಾದ್ ಬೇಟೆಯಾಡುವುದು ಗುರಿಗೆ ನಿಲ್ಲಿಸಿದ ಸ್ಪಂಜಿನ ಕಾಡುಹಂದಿಯನ್ನು ಮಾತ್ರ, ಅದೂ ಬಿಲ್ಲು ಕಟ್ಟಲು ಕಲಿಸಿದ ಗುರುವಿನ ತೋಟದಲ್ಲಿ.

"ಇದಕ್ಯಾಕ ಇಷ್ಟು ಕಷ್ಟ ಪಡ್ತಿ?" ಎಂದು ಕೇಳಿದೆ.

"ಕಾರ್ಖಾನೆಯಲ್ಲಿ ನಾನು ಮಾಡಿದ್ದು ಎಂಥದೂ ಕಣ್ಣಿಗೆ ಕಾಣುದಿಲ್ಲ ಮಾಮ. ಇದು ಕಾಣ್ತದೆ," ಎಂದ. ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು.

ನಾನೂ ಬಿಲ್ಲಿನ ಮನೆಯವನೇ. ನಾವು ನದಾಫರು, ಹತ್ತಿ ಹಿಂಜುವವರು. ನನ್ನ ಅಪ್ಪ ಆಳೆತ್ತರದ ಬಿಲ್ಲನ್ನು ಜಂತಿಗೆ ತೂಗುಹಾಕಿ, ಕರುಳಿನಿಂದ ಹೊಸೆದ ಅದರ ಹೆದೆಯನ್ನು ಮರದ ಗುಂಡಿನಿಂದ ಮೀಟಿ ಇಡೀ ಊರಿನ ಗಾದಿಗಳ ಹತ್ತಿ ಹಿಂಜುತ್ತಿದ್ದ. ಆ ಬಿಲ್ಲು ಬಾಗುವುದಿಲ್ಲ, ಬಾಣ ಬಿಡುವುದಿಲ್ಲ. ಆದರೂ ಬಿಲ್ಲು ಬಿಲ್ಲೇ ತಾನೆ ಎಂದು ನನ್ನ ವಾದ. ಊಟಕ್ಕೆ ಕೂತಾಗ ಇದನ್ನೆಲ್ಲ ಸ್ವಲ್ಪ ಜೋರಾಗಿಯೇ ಹೇಳಿದೆ. ಇರ್ಷಾದ್ ತಲೆ ತಗ್ಗಿಸಿ, "ಹೌದು ಮಾಮ, ನಿಮಗೆ ಗೊತ್ತೇ ಉಂಟಲ್ಲ," ಎಂದ.

ಮಧ್ಯಾಹ್ನದ ರಸ್ತೆ

ಇಬ್ಬರೂ ಕೆಲಸಕ್ಕೆ, ಮಗು ಶಾಲೆಗೆ. ನಾನು ಮನೆಯಲ್ಲಿ ಒಬ್ಬನೇ. ಮೊದಲ ದಿನ ಕಪಾಟುಗಳ ತಿರುಪುಗಳನ್ನೆಲ್ಲ ಬಿಗಿ ಮಾಡಿದೆ. ಎರಡನೆಯ ದಿನ ಬಿಗಿ ಮಾಡಲು ಏನೂ ಉಳಿದಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಇಳಿದೆ.

ಬಯಾನ್ ಲೆಪಾಸಿನಲ್ಲಿ ಹಗಲು ಹೊತ್ತು ಯಾರೂ ನಡೆಯುವುದಿಲ್ಲ. ಪಾದಚಾರಿ ದಾರಿ ಇದೆ, ಅಂದವಾಗಿದೆ, ಅದರ ಮೇಲೆ ನಾನೊಬ್ಬನೇ. ಗದಗದಲ್ಲಿ ನಡೆಯದೆ ನಿಂತವನನ್ನು ಏನಾಯಿತೆಂದು ಕೇಳುತ್ತಾರೆ, ಇಲ್ಲಿ ನಡೆಯುವವನನ್ನು ಕೇಳುತ್ತಾರೆ. ಅರ್ಧ ಗಂಟೆಯಲ್ಲಿ ಮೂರು ಕಾರು ನಿಂತವು. ಒಬ್ಬ ಚೀನೀ ಹೆಂಗಸು ಕಿಟಕಿ ಇಳಿಸಿ, "ಅಂಕಲ್, ಕಾರ್ ಬ್ರೋಕನ್ ಆ?" ಎಂದಳು. ಕಾರೇ ಇಲ್ಲ ಎಂದರೆ ಮುಖ ಸಣ್ಣದು ಮಾಡಿಕೊಂಡಳು. ಕೊನೆಗೆ ಮಾಮಕ್ ಅಂಗಡಿಯೊಂದರಲ್ಲಿ ಕೂತು, ಎತ್ತರದಿಂದ ಎಳೆದು ನೊರೆ ಬರಿಸಿದ ಚಹಾ ಕುಡಿದೆ. ಅಂಗಡಿಯ ತಮಿಳು ಮುಸ್ಲಿಮನಿಗೆ ನಾನು ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಸಲಾಮ್ ಹೇಳಿದೆ. ಆಮೇಲೆ ದಿನಕ್ಕೆ ನಾಲ್ಕು ಸಲ ಹೋಗತೊಡಗಿದ್ದರಿಂದ ಅವನು ಸಲಾಮಿಗೆ ಬದಲು ಕೈಯೆತ್ತಿ ಮುಗಿಸತೊಡಗಿದ.

ನನ್ನ ಕಾಲು ನಿಲ್ಲದಿರಲು ಇನ್ನೊಂದು ಕಾರಣವಿತ್ತು. ಅದನ್ನೂ ಬರೆದುಬಿಡುತ್ತೇನೆ.

ಜರೀನಾ ಮಣಿಪಾಲದಲ್ಲಿ ಓದುವಾಗ ಇರ್ಷಾದನನ್ನು ತಾನೇ ಆರಿಸಿಕೊಂಡಳು. ಹುಡುಗನಲ್ಲಿ ತಪ್ಪೇನಿರಲಿಲ್ಲ. ನನ್ನನ್ನು ಕೇಳಲಿಲ್ಲ, ಹೇಳಿದಳು, ಅಷ್ಟೇ ನನ್ನ ಸಿಟ್ಟು. ಮದುವೆ ಉಡುಪಿಯಲ್ಲಿ ಎಂದಾಯಿತು. ಆ ವಾರವೇ ಪ್ರಾಕ್ಟಿಕಲ್ ಪರೀಕ್ಷೆ ಇದೆ, ರಜೆ ಸಿಗುವುದಿಲ್ಲ ಎಂದು ಹೇಳಿ ನಾನು ಹೋಗಲಿಲ್ಲ. ನಿಕಾಹದಲ್ಲಿ ಹೆಣ್ಣಿನ ತಂದೆ ಕೂರಬೇಕಾದ ಜಾಗದಲ್ಲಿ ನನ್ನ ತಮ್ಮನನ್ನು ಕೂರಿಸಿದೆ. ಪರೀಕ್ಷೆಯೇನೂ ಇರಲಿಲ್ಲ. ಹೆಂಡತಿಗೆ ಗೊತ್ತಿತ್ತು, ಅವಳು ಆ ಮಾತನ್ನು ತನ್ನ ಜೊತೆ ಒಯ್ದಳು. ಜರೀನಾ ಇಂದಿಗೂ ಗೆಳತಿಯರೆದುರು, "ನಮ್ಮಪ್ಪ ಡ್ಯೂಟಿ ಅಂದ್ರ ಡ್ಯೂಟಿ, ಮಗಳ ಮದುವಿಗೂ ರಜಾ ತೊಗೊಳ್ಳಲಿಲ್ಲ," ಎಂದು ಹೆಮ್ಮೆಯಿಂದ ಹೇಳುತ್ತಾಳೆ. ಅವಳು ಹಾಗೆ ಹೇಳಿದಾಗಲೆಲ್ಲ ನನಗೆ ಆ ಕೋಣೆಯಲ್ಲಿ ಇರಲಾಗುವುದಿಲ್ಲ. ಮೂರನೆಯ ದಿನ ಪಕ್ಕದ ಮನೆಯ ತಮಿಳು ಅಕ್ಕನೆದುರು ಹೇಳಿದಳು. ನಾನು ಚಹಾ ಕುಡಿದು ಬರುತ್ತೇನೆಂದು ಎದ್ದು, ಆ ಉರಿಬಿಸಿಲಲ್ಲಿ ವಿಮಾನ ನಿಲ್ದಾಣದ ಬೇಲಿಯವರೆಗೆ ನಡೆದು ಬಂದೆ.

ಬಾಲಿಕ್ ಪುಲಾವ್

ರವಿವಾರ ಇರ್ಷಾದ್ ಮತ್ತು ನಾನು ಗುಡ್ಡ ದಾಟಿ ದ್ವೀಪದ ಆಚೆ ಮಗ್ಗುಲಿನ ಬಾಲಿಕ್ ಪುಲಾವ್ ಎಂಬ ಊರಿಗೆ ಹೋದೆವು. ಆಯಿಷಾಗೆ ನೆಗಡಿಯಾಗಿದ್ದರಿಂದ ಜರೀನಾ ಬರಲಿಲ್ಲ. ಬಿಲ್ಲು ಹಿಂದಿನ ಸೀಟಿನಲ್ಲಿ ಹಾಸಿಗೆ ಸುತ್ತಿಕೊಂಡು, ಬೆಲ್ಟು ಕಟ್ಟಿಸಿಕೊಂಡು ಬಂತು.

ಗುರುವಿನ ಹೆಸರು ಪಾಕ್ ಲಾಂಗ್. ಎಪ್ಪತ್ತು ದಾಟಿದ ಮಲಯ ಮುದುಕ. ಡುರಿಯನ್ ಮತ್ತು ಜಾಯಿಕಾಯಿ ಮರಗಳ ನಡುವೆ ಅವನದೊಂದು ತಗಡಿನ ಚಪ್ಪರ. ಕೈ ಕುಲುಕಿದ ಮೇಲೆ ಆ ಕೈಯನ್ನು ತನ್ನ ಎದೆಗೆ ಮುಟ್ಟಿಸಿಕೊಂಡ. ಏನನ್ನಾದರೂ ತೋರಿಸುವಾಗ ತೋರುಬೆರಳು ಚಾಚುವುದಿಲ್ಲ, ಮುಷ್ಟಿಯ ಮೇಲೆ ಹೆಬ್ಬೆರಳಿಟ್ಟು ತೋರಿಸುತ್ತಾನೆ. ಬೆರಳು ಚಾಚುವುದು ಒರಟುತನವಂತೆ. ಮೂವತ್ತು ವರ್ಷ ಹುಡುಗರ ಮೂಗಿಗೆ ಬೆರಳು ಚಾಚಿಯೇ ಪಾಠ ಮಾಡಿದ ನಾನು ಕೈಯನ್ನು ಜೇಬಿನಲ್ಲಿಟ್ಟುಕೊಂಡೆ. ಕೂರುವ ಮೊದಲೇ "ಮಾಕಾನ್, ಮಾಕಾನ್" ಎಂದು ತಿನ್ನಲು ತಂದಿಟ್ಟ. ನಾನು ಅವನ ಉಪಕರಣಗಳನ್ನು ಒಂದೊಂದಾಗಿ ಎತ್ತಿ ನೋಡುತ್ತ ಚಪ್ಪರದ ತುಂಬ ಸುತ್ತಿದೆ. ನನ್ನ ಕಾಲುಗಳನ್ನು ನೋಡಿ ನಗುತ್ತ, "ಪೆಲಾನ್-ಪೆಲಾನ್ ಲಾ," ಎಂದ. ನಿಧಾನ, ನಿಧಾನ.

ಇರ್ಷಾದ್ ನಡುವೆ ಕೂತು ಮಲಯ ಭಾಷೆಯಲ್ಲಿ ನನ್ನ ಕಥೆ ಹೇಳಿದ. ನಾನು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೇಳಿರಬೇಕು, ಏಕೆಂದರೆ ಪಾಕ್ ಲಾಂಗ್ ಎದ್ದು ನಿಂತು ನನ್ನನ್ನು ಇನ್ನೊಮ್ಮೆ ನೋಡಿದ.

"ಏನಂದ?" ಎಂದೆ.

"ಬಿಲ್ಲಿನವರ ಮಗ ಬಂದಿರುವಾಗ ಬೇರೆಯವರು ಹೆದೆ ಏರಿಸುದು ಸರಿಯಲ್ಲ ಅಂತಾರೆ. ನೀವೇ ಏರಿಸ್ಬೇಕಂತೆ ಮಾಮ."

ಬೇಡ ಎನ್ನಬೇಕಿತ್ತು. ಬಿಲ್ಲು ಅಷ್ಟರಲ್ಲಿ ನನ್ನ ಕೈಯಲ್ಲಿತ್ತು. ಪಾಕ್ ಲಾಂಗ್ ಮರ್ಯಾದೆಯಿಂದ ಎರಡೂ ಕೈಯಲ್ಲಿ ಅದನ್ನು ಕೊಟ್ಟು, ಕಾಫಿ ತರಲು ಮನೆಯೊಳಗೆ ಹೋದ.

ಬಿಲ್ಲು ಆಗಲೇ ಬಾಗಿಕೊಂಡೇ ಇತ್ತು, ಎರಡು ತುದಿಗಳೂ ಒಂದೇ ಕಡೆಗೆ. ನರದ ಪದರ ಆ ಬಾಗಿನ ಒಳಮೈಗಿತ್ತು. ಬಾಗಿದ್ದನ್ನು ಇನ್ನಷ್ಟು ಬಗ್ಗಿಸಿ ಹೆದೆ ಸಿಕ್ಕಿಸುವುದು ತಾನೆ, ಇದರಲ್ಲಿ ಕೇಳುವುದೇನಿದೆ? ಕೆಳತುದಿಯನ್ನು ಕಾಲಿಗೆ ಆನಿಸಿಕೊಂಡು, ಹಿಡಿಯನ್ನು ಮೊಣಕಾಲಿಗೆ ಒತ್ತಿದೆ.

"ಮಾಮ..." ಎಂದ ಇರ್ಷಾದ್.

"ಏನು?"

ಅವನ ಮುಖ ನೋಡಿದೆ. ಬಾಯಿ ಅರ್ಧ ತೆರೆದಿತ್ತು. ನನ್ನ ಕೈಗಳನ್ನು ನೋಡಿದ, ನನ್ನನ್ನು ನೋಡಿದ.

"ಏನಿಲ್ಲ ಮಾಮ."

ನಾನು ಎಳೆದೆ. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು. ಹಿಡಿಯಿಂದ ಒಂದು ಗೇಣು ಮೇಲೆ ಮರ ಸೀಳಿ, ಉದ್ದನೆಯ ಸಿಬಿರು ಎದ್ದು ನಿಂತಿತು. ಮರದ ತುಂಡುಗಳು ಬೇರೆಯಾಗಲಿಲ್ಲ, ನರದ ಪದರ ಎರಡನ್ನೂ ಹಿಡಿದುಕೊಂಡೇ ಇತ್ತು. ಅದೇ ನೋಡಲು ಹೆಚ್ಚು ಸಂಕಟವಾಯಿತು.

ಪಾಕ್ ಲಾಂಗ್ ಕಾಫಿಯ ತಟ್ಟೆಯೊಂದಿಗೆ ಹೊರಬಂದು ನಿಂತ. ತಟ್ಟೆಯನ್ನು ಕೆಳಗಿಟ್ಟು, ಬಿಲ್ಲನ್ನು ತೆಗೆದುಕೊಂಡು, ಒಂದು ತೆಳು ಬಿದಿರಿನ ಪಟ್ಟಿಯನ್ನು ಬಗ್ಗಿಸಿ ನನಗೆ ತೋರಿಸಿದ. ಒಣಗುವಾಗ ನರ ಬಿಗಿದುಕೊಂಡು ಮರವನ್ನು ತನ್ನ ಕಡೆಗೆ ಎಳೆಯುತ್ತದೆ, ಆದ್ದರಿಂದ ಹೆದೆ ಇಲ್ಲದಾಗ ಈ ಬಿಲ್ಲು ತಿರುಗುಮುರುಗಾಗಿ ಬಾಗಿರುತ್ತದೆ. ಹೆದೆ ಏರಿಸುವಾಗ ಅದನ್ನು ಪೂರ್ತಿ ಆಚೆ ಕಡೆಗೆ ಬಗ್ಗಿಸಬೇಕು. ಎಳೆತ ತಡೆಯುವುದು ನರದ ಕೆಲಸ, ಮರಕ್ಕೆ ಅದು ಆಗುವುದಿಲ್ಲ. ನಾನು ಮರಕ್ಕೆ ಆ ಕೆಲಸ ಹೇಳಿದ್ದೆ.

"ತಾಕ್ ಅಪಾ," ಎಂದ. ಪರವಾಗಿಲ್ಲವಂತೆ.

"ಪರ್ವಾಗಿಲ್ಲ ಮಾಮ," ಎಂದ ಅಳಿಯ.

ನನ್ನ ಅಪ್ಪನ ಬಿಲ್ಲಿನ ಹೆದೆಯನ್ನು ಚಿಕ್ಕಂದಿನಲ್ಲಿ ಒಮ್ಮೆ ಕಡಿದಿದ್ದೆ. ಅವನು ಆ ಮರದ ಗುಂಡನ್ನೇ ಎತ್ತಿಕೊಂಡು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಬಂದಿದ್ದ. ಸಂಜೆಗೆಲ್ಲ ಅದು ಮುಗಿದೂ ಹೋಗಿತ್ತು. ಇಲ್ಲಿ ಇಬ್ಬರೂ ನನಗೆ ಕಾಫಿ ಕೊಟ್ಟರು.

ಗುಡ್ಡದ ದಾರಿ

ಮರಳುವಾಗ ಹತ್ತು ತಿರುವುಗಳವರೆಗೆ ಹೇಗೋ ಸುಮ್ಮನಿದ್ದೆ.

"ನಾ ತಪ್ಪು ಹಿಡದೀನಿ ಅಂತ ನಿನಗ ಕಂಡಿತ್ತಿಲ್ಲೊ?"

"ಕಂಡಿತು ಮಾಮ."

"ಮತ್ತ ಯಾಕ ಹೇಳಲಿಲ್ಲ? ಹದಿನಾಲ್ಕು ತಿಂಗಳ ಕೆಲಸ ಅದು. ಬಾಯಿ ಇಲ್ಲೇನು ನಿನಗ?"

ನನ್ನ ದನಿ ಏರಿತ್ತು. ತಪ್ಪು ಮಾಡಿದವನು ನಾನು, ರೇಗುತ್ತಿದ್ದವನೂ ನಾನೇ. ಅವನು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಕೆಳಗೆ ತೋಟಗಳು, ಅದರಾಚೆ ಸಮುದ್ರ. ಡುರಿಯನ್ ಮಾರುವವಳೊಬ್ಬಳು ನಾವು ಗಿರಾಕಿಗಳೆಂದು ಎದ್ದು ನಿಂತಳು.

"ನಿಮ್ಮ ಎದುರು ಸುಮ್ಮನಿದ್ದು ನನಗೆ ಅಭ್ಯಾಸ ಆಗಿ ಹೋಗಿದೆ," ಎಂದ.

"ಯಾವಾಗಿಂದ?"

"ಮದುವೆಯಿಂದ."

ಆಮೇಲೆ ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದ. ಮದುವೆಗೆ ಎರಡು ದಿನ ಮೊದಲು ಅವನ ತಂದೆ ನಮ್ಮ ಐಟಿಐ ಆಫೀಸಿಗೆ ಫೋನು ಮಾಡಿದ್ದರಂತೆ. ಬೀಗರಿಗೆ ಒಂದೇ ಒಂದು ದಿನ ರಜೆ ಕೊಡಿ ಎಂದು ಕೇಳಿಕೊಳ್ಳಲು. ಪರೀಕ್ಷೆ ಯಾವುದೂ ಇಲ್ಲ, ಅವರು ಸೋಮವಾರದಿಂದ ರಜೆಯ ಮೇಲೇ ಇದ್ದಾರಲ್ಲ ಎಂದು ಗುಮಾಸ್ತ ಹೇಳಿದನಂತೆ.

"ನಿಕಾಹದ ಹೊತ್ತಿಗೆ ಹುಡುಗಿಯ ತಂದೆ ಎಲ್ಲಿ ಅಂತ ಎಲ್ಲರೂ ಕೇಳಿದ್ರು. ಸರ್ಕಾರಿ ಡ್ಯೂಟಿ, ಪಾಪ, ಬರ್ಲಿಕ್ಕೆ ಆಗ್ಲಿಲ್ಲ ಅಂತ ನಮ್ಮಪ್ಪನೇ ಎಲ್ಲರಿಗೂ ಹೇಳಿದ್ರು. ಆಮೇಲೆ ನನ್ನನ್ನು ಬದಿಗೆ ಕರೆದು, ಜರೀನಾಗೆ ಇದು ಯಾವತ್ತೂ ತಿಳೀಬಾರ್ದು, ಆ ಹುಡುಗಿ ಅಪ್ಪನನ್ನು ತುಂಬಾ ದೊಡ್ಡವರು ಅಂತ ತಿಳ್ಕೊಂಡಿದ್ದಾಳೆ ಅಂದ್ರು. ಹಾಗೆ ಸುಮ್ಮನಿದ್ದೆ. ಒಂದು ವಿಷಯಕ್ಕೆ ಬಾಯಿ ಮುಚ್ಚಿದ್ರೆ ಆಮೇಲೆ ಯಾವುದಕ್ಕೂ ತೆರೀಲಿಕ್ಕೆ ಆಗುದಿಲ್ಲ ಮಾಮ."

ನಾಚಿಕೆ ಎಂದರೆ ಏನೆಂದು ಅರವತ್ತೆರಡನೆಯ ವಯಸ್ಸಿಗೆ, ಪರದೇಶದ ಗುಡ್ಡದ ಮೇಲೆ ನನಗೆ ಸರಿಯಾಗಿ ತಿಳಿಯಿತು. ಬಾಗಿಲು ತೆರೆದು ಇಳಿದು ನಡೆದುಬಿಡೋಣ ಅನ್ನಿಸಿತು. ಇಳಿದೂ ಇಳಿದೆ. ನಾಲ್ಕು ಹೆಜ್ಜೆ ಹಾಕಿದೆ. ಮುಂದೆ ಬರೀ ಇಳಿಜಾರು, ಮನೆಗೆ ಹೋಗುವ ದಾರಿಯೂ ನನಗೆ ಗೊತ್ತಿರಲಿಲ್ಲ. ಮರಳಿ ಬಂದು ಕೂತೆ.

"ಇನ್ನ ಮ್ಯಾಲೆ ನನಗ ಹೇಳು," ಎಂದೆ. "ತಪ್ಪಿದ್ರ ತಪ್ಪು ಅನ್ನು."

"ಆಯ್ತು ಮಾಮ," ಎಂದ. ಕಾರು ಚಾಲೂ ಮಾಡುತ್ತ, "ಬೆಲ್ಟ್ ಹಾಕಿ. ಬರುವಾಗಲೂ ಹಾಕಿರ್ಲಿಲ್ಲ ನೀವು," ಎಂದ.

ಮತ್ತೆ ಹದಿನಾಲ್ಕನೇ ಮಹಡಿ

ಸರೇಸಿನ ಒಂದು ಒಳ್ಳೆಯ ಗುಣವೆಂದರೆ ಅದು ಬಿಸಿ ನೀರಿಗೆ ಬಿಡುತ್ತದೆ. ಮುರಿದ ಬಿಲ್ಲನ್ನು ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದೆವು. ಮರುದಿನಕ್ಕೆ ನರ ಪದರ ಪದರವಾಗಿ ಎದ್ದು ಬಂತು. ಇಡೀ ಮನೆ ಚರ್ಮದ ಗೋದಾಮಿನ ವಾಸನೆ ಹೊಡೆಯಿತು. ಜರೀನಾ ಮೂಗಿಗೆ ಸೆರಗು ಹಿಡಿದು, ಹೊರಗಿಂದ ಊಟ ತಪಾವ್ ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿಕೊಂಡು ತಂದಳು. ಆ ಅಡುಗೆಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದುಬಿಟ್ಟಳು. ಬಿಲ್ಲು ಮುರಿದದ್ದಕ್ಕೆ ಮಾತ್ರ ನನಗೆ ಒಂದು ಬಿರುಸು ಮಾತೂ ಅನ್ನಲಿಲ್ಲ. "ಹೋಗ್ಲಿ ಬಿಡಪ್ಪಾ, ನೀ ಬೇಕಂತ ಮಾಡೀಯೇನು?" ಎಂದಳು. ನನಗೆ ಅನ್ನ ಸೇರಲಿಲ್ಲ.

ಪಾಕ್ ಲಾಂಗ್ ತನ್ನ ಚಪ್ಪರದ ಜಂತಿಯಲ್ಲಿ ಒಣಗಿಸಿಟ್ಟಿದ್ದ ಇನ್ನೊಂದು ಹಲಸಿನ ಸೀಳನ್ನು ಕೊಟ್ಟ. ಅದಕ್ಕೆ ಹಳೆಯ ನರ ಸಾಲದು, ಹೊಸದೂ ಬೇಕು. ಒಣಗಿಸಿದ ನರವನ್ನು ಕಸಾಯಿಯವನಿಂದ ಒಂದು ಚೀಲ ತಂದೆವು. ಅದು ಕಟ್ಟಿಗೆಯಷ್ಟು ಗಟ್ಟಿ. ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟುತ್ತ ಹೋಗಬೇಕು. ಕುಟ್ಟಿದಷ್ಟೂ ಹಳದಿ ಹೋಗಿ ಬಿಳಿಯಾಗುತ್ತದೆ, ಕೊನೆಗೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ನಾನು ಬಾಲ್ಕನಿಯಲ್ಲಿ ಕೂತು ಬೆಳಗಿನಿಂದ ಕುಟ್ಟಿದೆ. ಹನ್ನೊಂದು ಗಂಟೆಗೆ ಕಾವಲಿನವನು ಬಂದ, ನೇಪಾಳದವನು. ಕೆಳಗಿನ ಮನೆಯವರು ದೂರು ಕೊಟ್ಟಿದ್ದರು.

"ಅಂಕಲ್, ರಿನೊವೇಶನ್ ಪರ್ಮಿಟ್?"

ನರದ ತುಂಡು ಎತ್ತಿ ತೋರಿಸಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದ. ಆಮೇಲೆ ನಾನು ಕಲ್ಲಿನ ಕೆಳಗೆ ಆಯಿಷಾಳ ಯೋಗದ ಚಾಪೆ ಮಡಿಸಿ ಹಾಕಿಕೊಂಡು ಕುಟ್ಟಿದೆ.

ಎಳೆ ಬಿಡಿಸುವುದು ಮಾತ್ರ ಯಾರೂ ನನಗೆ ಕಲಿಸಬೇಕಾಗಲಿಲ್ಲ. ಎಳೆಗಳ ಗಂಟನ್ನು ಹೇಗೆ ಹಿಡಿದರೆ ಕಡಿಯದೆ ಬರುತ್ತದೆ, ಬಾಚಣಿಗೆ ಎಲ್ಲಿಂದ ಹಾಕಬೇಕು, ಗಿಡ್ಡದ್ದನ್ನೂ ಉದ್ದದ್ದನ್ನೂ ಕಣ್ಣಲ್ಲೇ ಹೇಗೆ ಬೇರೆ ಮಾಡಬೇಕು, ಅದೆಲ್ಲ ಬೆರಳಿಗೇ ಗೊತ್ತಿತ್ತು. ಹತ್ತಿಯ ಮನೆಯಲ್ಲಿ ಹುಟ್ಟಿದ್ದು ಇಷ್ಟಕ್ಕಾದರೂ ಬಂತು. ಇರ್ಷಾದ್ ಕೆಲಸದಿಂದ ಬಂದು ಕಟ್ಟುಗಳನ್ನು ಬೆಳಕಿಗೆ ಹಿಡಿದು ನೋಡಿದ. "ಇದು ಚೆಂದ ಉಂಟು. ಇದು ಗಿಡ್ಡ ಆಯ್ತು ಮಾಮ, ಬೇಡ," ಎಂದು ಎರಡನ್ನು ತೆಗೆದು ಬದಿಗಿಟ್ಟ. ಜರೀನಾ ಮೊಬೈಲಿನಿಂದ ತಲೆಯೆತ್ತಿ ಅವನನ್ನೇ ನೋಡಿದಳು.

ಎಂಟು ದಿನ ಹೀಗೆ ಕಳೆದೆ. ಕೈಗೆ ಕೆಲಸ ಸಿಕ್ಕಿದರೆ ಮನಸ್ಸು ಕೂರುತ್ತದೆಂದು ಹೆಂಡತಿ ಹೇಳುತ್ತಿದ್ದಳು. ಈ ಸಲ ಕೂರಲಿಲ್ಲ. ಇಬ್ಬರು ಗಂಡಸರು, ಅದರಲ್ಲೊಬ್ಬರು ನನ್ನ ಮುಖವನ್ನೇ ನೋಡದವರು, ನನ್ನ ಸುಳ್ಳನ್ನು ಹನ್ನೊಂದು ವರ್ಷ ತಮ್ಮ ತಲೆಯ ಮೇಲೆ ಹೊತ್ತಿದ್ದರು. ನಾನು ಹೇಳಿದರೆ ಮಗಳ ಕಣ್ಣಲ್ಲಿ ಏನಾಗುತ್ತೇನೆಂಬ ಹೆದರಿಕೆ. ಹೇಳದಿದ್ದರೆ ಆ ಹುಡುಗ ಸಾಯುವವರೆಗೆ ಅದನ್ನು ಹೊತ್ತಿರಬೇಕು.

ಪಾಕ್ ಲಾಂಗನ ಚಪ್ಪರ

ನಾನು ಹೊರಡುವ ಎರಡು ದಿನ ಮೊದಲು ನರ ಹೊದಿಸುವ ಕೆಲಸ ಇಟ್ಟುಕೊಂಡೆವು. ಈ ಸಲ ಜರೀನಾಳೂ ಬಂದಳು. ಆಯಿಷಾ ಪಾಕ್ ಲಾಂಗನ ಹೆಂಡತಿಯ ಜೊತೆ ತೋಟಕ್ಕೆ ಹೋದಳು.

ಆ ಸೀಳಿನಿಂದ ಕೆತ್ತಿದ ಹೊಸ ಬಿಲ್ಲನ್ನು ಬೆನ್ನು ಮೇಲಾಗಿ ಅಡ್ಡಕ್ಕೆ ಕಟ್ಟಿಟ್ಟಿದ್ದರು. ಸರೇಸಿನ ಪಾತ್ರೆ ಬಿಸಿ ನೀರಿನ ಇನ್ನೊಂದು ಪಾತ್ರೆಯಲ್ಲಿ ಕೂತಿತ್ತು. ಅದು ಕುದಿಯಬಾರದು, ತಣಿಯಲೂಬಾರದು. ಒಮ್ಮೆ ಶುರು ಮಾಡಿದರೆ ಒಂದು ಪದರ ಮುಗಿಯುವವರೆಗೆ ಕೈ ಬಿಡುವಂತಿಲ್ಲ. ನರದ ಕಟ್ಟನ್ನು ಅಂಟಿನಲ್ಲಿ ಅದ್ದಿ, ಬೆರಳ ಸಂದಿಯಲ್ಲಿ ಹಿಂಡಿ, ಬಿಲ್ಲಿನ ಬೆನ್ನಿನ ಮೇಲೆ ಉದ್ದಕ್ಕೆ ಹಾಸಿ, ಎಲುಬಿನ ಬಾಚಣಿಗೆಯಿಂದ ಒತ್ತುತ್ತ ಹೋಗಬೇಕು. ಒಂದು ಕಡೆ ಇರ್ಷಾದ್, ಎದುರುಗಡೆ ನಾನು. ಜರೀನಾ ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿದ ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದಳು. ಪಾಕ್ ಲಾಂಗ್ ಬೆಂಕಿಯ ಹತ್ತಿರ ಕೂತು ಹೆಬ್ಬೆರಳಿನಲ್ಲಿ ದಾರಿ ತೋರಿಸುತ್ತಿದ್ದ.

ಮೂರನೆಯ ಕಟ್ಟಿನಲ್ಲೇ ನನ್ನ ಅವಸರ ಎದ್ದು ಬಂತು. ಹಿಂದಿನ ಕಟ್ಟು ಮುಗಿದಲ್ಲೇ ನನ್ನದನ್ನೂ ಮುಗಿಸಿದೆ.

"ಬೇಡ ಮಾಮ, ಅದು ತಪ್ಪು," ಎಂದ ಇರ್ಷಾದ್. "ಇಟ್ಟಿಗೆ ಕಟ್ಟಿದ ಹಾಗೆ ಹಿಂದೆ ಮುಂದೆ ಆಗ್ಬೇಕು. ಎತ್ತಿ, ಎತ್ತಿ. ಎಷ್ಟು ಸಲ ಹೇಳುದು ನಿಮಗೆ?"

ಜರೀನಾಳ ಕೈ ಗಾಳಿಯಲ್ಲೇ ನಿಂತಿತು.

"ಏನಾಗೇದ ನಿಮ್ಮಿಬ್ಬರಿಗೆ?" ಎಂದಳು. "ಹನ್ನೊಂದು ವರ್ಷ ಅಪ್ಪನ ಮುಂದ ಉಸಿರು ಬಿಡ್ತಿರಲಿಲ್ಲ ನೀವು. ಆ ರವಿವಾರ ಕಾರಿನಾಗ ಏನಾತು?"

"ಎಂಥದೂ ಇಲ್ಲ ಜರೀನಾ," ಎಂದ ಇರ್ಷಾದ್. ತಲೆ ತಗ್ಗಿಸಿ ಬಾಚಣಿಗೆ ಆಡಿಸಿದ. ಮತ್ತೆ ಅವನೇ ಹೊತ್ತುಕೊಂಡ.

ನನ್ನ ಎರಡು ಕೈಯೂ ಮಣಿಕಟ್ಟಿನವರೆಗೆ ಅಂಟಿನಲ್ಲಿದ್ದವು. ಬೆರಳ ಕೆಳಗೆ ನರ ಜಾರುತ್ತಿತ್ತು, ಬಿಟ್ಟರೆ ಎದ್ದುಬಿಡುತ್ತಿತ್ತು. ಜೀವನದಲ್ಲಿ ಮೊದಲ ಸಲ ಎದ್ದು ಹೋಗಲು ಜಾಗವಿರಲಿಲ್ಲ.

"ಜರೀನಾ," ಎಂದೆ. "ನಿನ್ನ ಮದುವಿ ವಾರ ಪರೀಕ್ಷಾ ಇರಲಿಲ್ಲ."

ಅವಳು ಅರ್ಥವಾಗದೆ ನೋಡಿದಳು.

"ರಜಾ ಹಾಕಿ ಮನ್ಯಾಗ ಇದ್ದೆ. ನನ್ನ ಕೇಳಲಿಲ್ಲ ಅಂತ ಸಿಟ್ಟಿತ್ತು. ನಿಮ್ಮವ್ವ ಕೈ ಮುಗದು ಕರದಳು, ಬರಲಿಲ್ಲ. ನಿಕಾ ಆಗೂ ಹೊತ್ತಿನಾಗ ಅಂಗಳದಾಗ ಅಡ್ಡಾಡಕೋತ ಇದ್ದೆ. ಇವನಿಗೂ ಗೊತ್ತಿತ್ತು, ಇವನ ಅಪ್ಪಗೂ ಗೊತ್ತಿತ್ತು. ನಿನಗ ನೋವಾಗ್ತದ ಅಂತ ಇಬ್ಬರೂ ಬಾಯಿ ಮುಚ್ಚಿಕೊಂಡ್ರು. ತಪ್ಪು ನಂದವ್ವಾ. ಅವತ್ತ ನಾ ಬರಬೇಕಿತ್ತು."

ಇರ್ಷಾದನ ಬಾಚಣಿಗೆ ನಿಂತಿತು. ಪಾಕ್ ಲಾಂಗನಿಗೆ ಮಾತು ತಿಳಿಯದಿದ್ದರೂ ಬೆಂಕಿಯ ಕಡೆ ಮುಖ ತಿರುಗಿಸಿಕೊಂಡ.

ಜರೀನಾ ನನ್ನನ್ನು ನೋಡಲಿಲ್ಲ. ಬಾಳೆಲೆಯನ್ನು ನೋಡುತ್ತ ಕೂತಳು. ಕಣ್ಣು ತುಂಬಿ ಮೂಗಿನ ತುದಿಯಿಂದ ಹನಿ ಬಿದ್ದಿತು, ಒರೆಸಿಕೊಳ್ಳಲಿಲ್ಲ. ಅವಳು ಬೈದರೆ ಬೈಸಿಕೊಳ್ಳಲು, ಎದ್ದು ಹೋದರೆ ನೋಡುತ್ತ ನಿಲ್ಲಲು ನಾನು ತಯಾರಾಗಿದ್ದೆ. ಬೆರಳ ಕೆಳಗೆ ಅಂಟು ದಪ್ಪವಾಗುತ್ತ ಬರುತ್ತಿತ್ತು, ನಾನು ಮಾತ್ರ ಅಲುಗಾಡಲಿಲ್ಲ.

"ಅಂಗಳದಾಗ ಅಡ್ಡಾಡಕೋತ," ಎಂದಳು ಕೊನೆಗೆ. "ಬಸ್ ಹತ್ತಿದ್ರ ಮುಂಜಾನಿಗೆ ಬಂದು ಮುಟ್ತಿದ್ದಿ ಅಪ್ಪಾ."

"ಹೌದು."

"ನಾ ಬಾಗಿಲದ ಕಡೆ ನೋಡಕೋತ ಕುಂತಿದ್ದೆ. ರಜಾ ಸಿಕ್ಕು ಬಂದೇ ಬಿಡ್ತಿ ಅಂತ."

ಅವಳು ಬಾಳೆಲೆಯಿಂದ ಮುಂದಿನ ಕಟ್ಟನ್ನು ಎತ್ತಿದಳು. ಇರ್ಷಾದ್ ಕೈ ಚಾಚಿದ. ಅವನಿಗೆ ಕೊಡಲಿಲ್ಲ. ಮೊಣಕೈಯಿಂದ ಮುಖ ಒರೆಸಿಕೊಂಡು, ಬಿಲ್ಲಿನ ಈಚೆಗೆ ಬಂದು, ನನ್ನ ಅಂಟುಗೈಯಲ್ಲಿಟ್ಟಳು.

"ಹಿಡಿ," ಎಂದಳು. "ಅಂಟು ಆರಾಕತ್ತದ."